ಫೈಬರ್ ಸರಿಯಿದ್ದರೂ ರೂಟರ್ 4ಜಿ ದಾರಿಯನ್ನೇ ಹಿಡಿದದ್ದೇಕೆ?

ಪ್ರಶ್ನೆ: ಕಾಸರಗೋಡಿನ ಒಂದು ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಮುಖ್ಯ ಕಚೇರಿ ಪೇಟೆಯಲ್ಲಿದೆ, ಶಾಖೆ ಬದಿಯಡ್ಕದ ಹತ್ತಿರ. ಎರಡರ ನಡುವೆ ಫೈಬರ್ ಲೈನ್ ಇದೆ, ಅದರ ಮೇಲೆ ಒಎಸ್‌ಪಿಎಫ್ (ರೂಟರ್‌ಗಳು ತಮ್ಮತಮ್ಮಲ್ಲೇ ದಾರಿ ಹೇಳಿಕೊಳ್ಳುವ ವ್ಯವಸ್ಥೆ) ಓಡುತ್ತಿದೆ. ಫೈಬರ್ ಕಡಿದರೆ ಬೇಕಲ್ಲ ಅಂತ 4ಜಿ ಸಿಮ್ ಹಾಕಿ ವಿಪಿಎನ್ ಟನಲ್ (ಇಂಟರ್‌ನೆಟ್ಟಿನ ಒಳಗೇ ನಮ್ಮದೊಂದು ಖಾಸಗಿ ದಾರಿ) ಮಾಡಿದೆ. ಸರ್ವರ್ ಇರುವ 10.20.5.0/24 ನೆಟ್‌ವರ್ಕಿಗೆ (10.20.5ರಿಂದ ಶುರುವಾಗುವ ವಿಳಾಸಗಳಿಗೆ) ಆ ಟನಲ್ ಮೂಲಕ ಒಂದು ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆದಿಡುವ ದಾರಿ) ಬರೆದೆ. ಅವತ್ತಿನಿಂದ ಫೈಬರ್ ಸರಿಯಿದ್ದರೂ ಶಾಖೆಯ ಕೆಲಸವೆಲ್ಲ 4ಜಿಯಲ್ಲೇ ಹೋಗುತ್ತಿದೆ. ಪಾಸ್‌ಬುಕ್ ಎಂಟ್ರಿಗೂ ಜನ ಕಾಯಬೇಕು. ಫೈಬರಿನ ಕಾಸ್ಟ್ (ಒಎಸ್‌ಪಿಎಫ್ ದಾರಿ ಆರಿಸಲು ನೋಡುವ ಅಂಕೆ, ಕಡಿಮೆ ಇದ್ದದ್ದು ಗೆಲ್ಲುತ್ತದೆ) 1ಕ್ಕೆ ಇಳಿಸಿದೆ, ಏನೂ ಆಗಲಿಲ್ಲ. ಕೊನೆಗೆ ಸ್ಟ್ಯಾಟಿಕ್ ರೂಟನ್ನು 10.20.0.0/16 (10.20ರಿಂದ ಶುರುವಾಗುವ ಎಲ್ಲ ವಿಳಾಸ) ಎಂದು ಬದಲಿಸಿದೆ. ತಕ್ಷಣ ಎಲ್ಲ ಫೈಬರಿಗೆ ಬಂತು! ಯಾಕೆ ಅಂತ ಗೊತ್ತಾಗಲಿಲ್ಲ. ಇನ್ನೆರಡು ಸಂಶಯ ಇದೆ. ಶಾಖೆಯ ಇಂಟರ್‌ನೆಟ್ಟಿಗೆ ಬ್ರಾಡ್‌ಬ್ಯಾಂಡ್ ಒಂದು, 4ಜಿ ಒಂದು, ಹೀಗೆ ಎರಡು ಡಿಫಾಲ್ಟ್ ರೂಟ್ (ಬೇರೆ ಯಾವ ದಾರಿಗೂ ಹೊಂದದ್ದು ಹೋಗುವ ದಾರಿ) ಇಟ್ಟಿದ್ದೇನೆ. ರಸ್ತೆ ಕೆಲಸದಲ್ಲಿ ಬ್ರಾಡ್‌ಬ್ಯಾಂಡಿನ ಫೈಬರ್ ಕಡಿದಾಗ ಎರಡನೆಯದಕ್ಕೆ ಹೋಗಲೇ ಇಲ್ಲ. ಮತ್ತೆ, ಇಲ್ಲಿಂದ ಮಂಗಳೂರಿನ ಒಂದು ಸರ್ವರಿಗೆ ಟ್ರೇಸ್‌ರೂಟ್ (ನಡುವೆ ಯಾವ ಯಾವ ರೂಟರ್ ದಾಟುತ್ತದೆ ಅಂತ ತೋರಿಸುವ ಪರೀಕ್ಷೆ) ಹಾಕಿದರೆ ನಡುವೆ ಚೆನ್ನೈ ಕಾಣುತ್ತದೆ. 50 ಕಿಲೋಮೀಟರ್ ದೂರಕ್ಕೆ ಚೆನ್ನೈ ಯಾಕೆ?

ಉತ್ತರ: ನಿಮ್ಮ ಮೂರು ಸಂಶಯಗಳ ಬೇರು ಒಂದೇ. "ಯಾವ ದಾರಿ ಬೇಗ ಮುಟ್ಟಿಸುತ್ತದೆ?" ಎಂದು ರೂಟರ್ ಮೊದಲು ಕೇಳುತ್ತದೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಅದು ಹಾಗೆ ಕೇಳುವುದಿಲ್ಲ. ಅದು ಕೇಳುವ ಪ್ರಶ್ನೆಗಳಿಗೆ ಒಂದು ಸರದಿ ಇದೆ. ಮೇಲಿನ ಪ್ರಶ್ನೆಯಲ್ಲೇ ತೀರ್ಮಾನ ಆದರೆ ಕೆಳಗಿನದು ಏಳುವುದೇ ಇಲ್ಲ. ನೀವು ಕಾಸ್ಟ್ ಇಳಿಸಿದ್ದು ಕೆಳಗಿನ ಪ್ರಶ್ನೆಗೆ ಕೊಟ್ಟ ಉತ್ತರ. ತೀರ್ಮಾನ ಅದಕ್ಕಿಂತ ಮೊದಲೇ ಆಗಿಹೋಗಿತ್ತು.

ಮೊದಲ ಸಂಗತಿಯಿಂದಲೇ ಶುರು ಮಾಡೋಣ. ನಿಮ್ಮ ರೂಟರಿಗೆ 10.20.5.0/24ಕ್ಕೆ ಹೋಗುವ ದಾರಿಯನ್ನು ಇಬ್ಬರು ಹೇಳಿದರು. ಒಎಸ್‌ಪಿಎಫ್ "ಫೈಬರಿನಲ್ಲಿ ಹೋಗು" ಅಂದಿತು. ನೀವು ಕೈಯಾರೆ ಬರೆದ ಸ್ಟ್ಯಾಟಿಕ್ ರೂಟ್ "ಟನಲಿನಲ್ಲಿ ಹೋಗು" ಅಂದಿತು. ಗುರಿ ಒಂದೇ, ಹೇಳಿದವರು ಬೇರೆ. ಇಂಥ ಹೊತ್ತಿನಲ್ಲಿ ರೂಟರ್ ದಾರಿಯ ಗುಣ ನೋಡುವುದಿಲ್ಲ, ಹೇಳಿದವರನ್ನು ಎಷ್ಟು ನಂಬಬಹುದು ಅಂತ ನೋಡುತ್ತದೆ. ಪ್ರತಿ ಮೂಲಕ್ಕೂ ಒಂದು ಸಂಖ್ಯೆ ಇದೆ. ಅದಕ್ಕೆ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ ಅನ್ನುತ್ತಾರೆ, ಸುಮ್ನೆ ಡಿಸ್ಟೆನ್ಸ್ ಅಂದರೂ ಸಾಕು. ಕಡಿಮೆ ಇದ್ದಷ್ಟು ನಂಬಿಕೆ ಜಾಸ್ತಿ. ಸಿಸ್ಕೋ ಕಂಪನಿಯ ರೂಟರಿನಲ್ಲಿ ಅದಕ್ಕೆ ನೇರವಾಗಿ ಜೋಡಿಸಿದ ನೆಟ್‌ವರ್ಕಿಗೆ 0, ಸ್ಟ್ಯಾಟಿಕ್‌ಗೆ 1, ಹೊರಗಿನವರಿಂದ ಬಂದ ಬಿಜಿಪಿಗೆ 20, ಒಎಸ್‌ಪಿಎಫ್‌ಗೆ 110, ರಿಪ್‌ಗೆ 120, ಒಳಗಿನ ಬಿಜಿಪಿಗೆ 200. ರಿಪ್, ಬಿಜಿಪಿ ಕೂಡ ಒಎಸ್‌ಪಿಎಫ್‌ನ ಹಾಗೆ ರೂಟರ್‌ಗಳು ದಾರಿ ಹೇಳಿಕೊಳ್ಳುವ ವ್ಯವಸ್ಥೆಗಳೇ. ನಮ್ಮ ಕಡೆ ಸಣ್ಣ ಕಚೇರಿಗಳಲ್ಲಿ ಜಾಸ್ತಿ ಕಾಣುವ ಮೈಕ್ರೋಟಿಕ್‌ನಲ್ಲೂ ಇವೇ ಸಂಖ್ಯೆಗಳು.

1 ಮತ್ತು 110. ಇಷ್ಟೇ ಲೆಕ್ಕ. ಸ್ಟ್ಯಾಟಿಕ್ ಗೆದ್ದಿತು. ಒಎಸ್‌ಪಿಎಫ್ ಕಾಸ್ಟ್ 1 ಇರಲಿ, 1000 ಇರಲಿ, ಅದನ್ನು ನೋಡುವ ಪ್ರಮೇಯವೇ ಬರಲಿಲ್ಲ.

ಇದರಲ್ಲಿ ಒಂದು ನ್ಯಾಯ ಇದೆ. ಒಎಸ್‌ಪಿಎಫ್‌ನ ಕಾಸ್ಟ್ ಲೈನಿನ ವೇಗದಿಂದ ಬರುತ್ತದೆ. ರಿಪ್ ನಡುವೆ ಎಷ್ಟು ರೂಟರ್ ಇವೆ ಅಂತ ಎಣಿಸುತ್ತದೆ. ಸ್ಟ್ಯಾಟಿಕ್ ರೂಟಿಗೆ ಅಂಥ ಅಳತೆಯೇ ಇಲ್ಲ. ಕಾಸ್ಟ್ 20 ಮತ್ತು 3 ರೂಟರ್, ಇವೆರಡರಲ್ಲಿ ಯಾವುದು ಹತ್ತಿರ ಅಂತ ಹೇಗೆ ಹೇಳುವುದು? ಅಳತೆಗಳೇ ಬೇರೆ ಬೇರೆ. ಅದಕ್ಕೇ ಮೊದಲು ಯಾರ ಮಾತು ಕೇಳುವುದು ಅಂತ ತೀರ್ಮಾನ. ಆಮೇಲೆ, ಆ ಒಬ್ಬರು ಹೇಳಿದ ದಾರಿಗಳ ನಡುವೆ ಮಾತ್ರ ಕಾಸ್ಟ್ ಹೋಲಿಕೆ.

ಒಂದು ಎಚ್ಚರಿಕೆ ಮಾತ್ರ ಇಲ್ಲೇ ಹೇಳಬೇಕು. ಈ ಸಂಖ್ಯೆಗಳು ಎಲ್ಲ ಕಂಪನಿಗಳಿಗೂ ಒಂದೇ ಅಲ್ಲ, ಇದು ಆಯಾ ಕಂಪನಿ ಇಟ್ಟುಕೊಂಡ ಕ್ರಮ. ಜುನಿಪರ್‌ನಲ್ಲಿ ಸ್ಟ್ಯಾಟಿಕ್‌ಗೆ 5, ಒಎಸ್‌ಪಿಎಫ್‌ಗೆ 10, ಬಿಜಿಪಿಗೆ 170. ಒಂದು ಕಡೆಯ ಸಂಖ್ಯೆಯನ್ನು ಇನ್ನೊಂದು ಕಡೆ ಹಾಗೇ ಎತ್ತಿ ಹಾಕಬೇಡಿ.

ಸಿಸ್ಕೋದಲ್ಲಿ "ಶೋ ಐಪಿ ರೂಟ್" ಕೊಟ್ಟರೆ ಪ್ರತಿ ಸಾಲಿನಲ್ಲಿ ಚೌಕ ಆವರಣದೊಳಗೆ ಎರಡು ಸಂಖ್ಯೆ ಕಾಣುತ್ತದೆ. [110/2] ಅಂದರೆ ಡಿಸ್ಟೆನ್ಸ್ 110, ಕಾಸ್ಟ್ 2. [1/0] ಅಂದರೆ ಸ್ಟ್ಯಾಟಿಕ್. ನೀವು ಎಡಗಡೆಯ ಸಂಖ್ಯೆ ನೋಡದೆ ಬಲಗಡೆಯದನ್ನು ತಿದ್ದುತ್ತಿದ್ದಿರಿ. ತುಂಬಾ ಜನ ಎಡವುವುದು ಇಲ್ಲೇ. ಸೋತ ರೂಟ್ ಆ ಪಟ್ಟಿಯಲ್ಲಿ ಕಾಣುವುದೂ ಇಲ್ಲ, ಹಾಗಾಗಿ ಒಎಸ್‌ಪಿಎಫ್ ಸತ್ತೇಹೋಗಿದೆ ಅನ್ನಿಸುತ್ತದೆ. ಮೈಕ್ರೋಟಿಕ್ ಸ್ವಲ್ಪ ಉಪಕಾರಿ. ಸೋತ ರೂಟನ್ನೂ ತೋರಿಸುತ್ತದೆ, ಆಕ್ಟಿವ್ ಅನ್ನುವ "ಎ" ಗುರುತು ಮಾತ್ರ ಅದರ ಮುಂದೆ ಇರುವುದಿಲ್ಲ.

ಈಗ /16 ಹಾಕಿದ ತಕ್ಷಣ ಸರಿಯಾದ ಕತೆ. ಸ್ಟ್ಯಾಟಿಕ್‌ನ ಡಿಸ್ಟೆನ್ಸ್ ಇನ್ನೂ 1. ಒಎಸ್‌ಪಿಎಫ್ ಇನ್ನೂ 110. ಆದರೂ ಒಎಸ್‌ಪಿಎಫ್ ಗೆದ್ದಿತಲ್ವಾ? ನಿಜ ಹೇಳಬೇಕೆಂದರೆ ಅವೆರಡರ ನಡುವೆ ಪೈಪೋಟಿಯೇ ನಡೆಯಲಿಲ್ಲ. ರೂಟರಿನ ಕಣ್ಣಿಗೆ 10.20.5.0/24 ಒಂದು ಗುರಿ, 10.20.0.0/16 ಬೇರೆಯೇ ಗುರಿ. ಡಿಸ್ಟೆನ್ಸ್ ಹೋಲಿಸುವುದು ಗುರಿ ಅಕ್ಷರಶಃ ಒಂದೇ ಆಗಿದ್ದಾಗ ಮಾತ್ರ. ಹಾಗಾಗಿ ಎರಡೂ ಪಟ್ಟಿಯಲ್ಲಿ ಕೂತವು.

ಆಮೇಲೆ 10.20.5.11ಕ್ಕೆ ಹೋಗಬೇಕಾದ ಒಂದು ಪ್ಯಾಕೆಟ್ (ಮಾಹಿತಿಯ ತುಣುಕು) ಬಂತು ಅನ್ನಿ. ಈ ವಿಳಾಸ ಎರಡೂ ಸಾಲಿಗೆ ಹೊಂದುತ್ತದೆ. ಆಗ ರೂಟರ್ ಹಿಡಿಯುವುದು ಹೆಚ್ಚು ಖಚಿತವಾದ ಸಾಲನ್ನು, ಅಂದರೆ ಗೆರೆಯ ಆಚೆ ದೊಡ್ಡ ಸಂಖ್ಯೆ ಇರುವುದನ್ನು. /16ರಲ್ಲಿ 65,536 ವಿಳಾಸ ಇವೆ, /24ರಲ್ಲಿ ಬರೀ 256. ಅಂಚೆಯವರ ಪಿನ್‌ಕೋಡ್ ನೆನಪಿಸಿಕೊಳ್ಳಿ. 6ರಿಂದ ಶುರುವಾದರೆ ಕೇರಳ, ತಮಿಳುನಾಡಿನ ಕಡೆ. 671 ಅಂದರೆ ನಮ್ಮ ಕಾಸರಗೋಡು. ಕಾಗದ ವಿಂಗಡಿಸುವವರ ಎದುರು "6" ಬರೆದ ಚೀಲವೂ "671" ಬರೆದ ಚೀಲವೂ ಇದ್ದರೆ, 671121 ಎಂದು ಬರೆದ ಕಾಗದ 671ರ ಚೀಲಕ್ಕೇ ಬೀಳುತ್ತದೆ. ಆ ಚೀಲ ಇಲ್ಲದಿದ್ದರೆ ಮಾತ್ರ 6ರ ಚೀಲಕ್ಕೆ. ಡಿಫಾಲ್ಟ್ ರೂಟ್ ಅಂದರೆ 0.0.0.0/0, ಯಾವ ಅಂಕೆಯನ್ನೂ ನೋಡದ ಚೀಲ. ಬೇರೆಲ್ಲೂ ಹೊಂದದ್ದು ಅದಕ್ಕೆ.

ಈ ಹುಡುಕಾಟದಲ್ಲಿ ಡಿಸ್ಟೆನ್ಸ್ ಆಗಲಿ, ಕಾಸ್ಟ್ ಆಗಲಿ ತಲೆಹಾಕುವುದಿಲ್ಲ. ರಿಪ್ ಹೇಳಿದ ಒಂದು /25 ಇದ್ದರೆ ಅದು ನೀವು ಬರೆದ ಸ್ಟ್ಯಾಟಿಕ್ /24ನ್ನೂ ಸೋಲಿಸುತ್ತದೆ.

ಹಾಗಾದರೆ ನಿಮ್ಮ /16 ಉಪಾಯವನ್ನು ಹಾಗೇ ಬಿಡಬಹುದಾ? ಕೆಲಸವೇನೋ ಮಾಡುತ್ತದೆ. ಫೈಬರ್ ಕಡಿದರೆ ಒಎಸ್‌ಪಿಎಫ್‌ನ /24 ಪಟ್ಟಿಯಿಂದ ಹೋಗುತ್ತದೆ, ಅಡಿಯಲ್ಲಿದ್ದ /16 ಕೆಲಸಕ್ಕೆ ಬರುತ್ತದೆ. ಆದರೆ ನಾನಾದರೆ ಬಿಡುವುದಿಲ್ಲ. 10.20ರಿಂದ ಶುರುವಾಗುವ ಯಾವ ವಿಳಾಸ ಒಎಸ್‌ಪಿಎಫ್‌ನಲ್ಲಿ ಇಲ್ಲವೋ ಅದೆಲ್ಲ 4ಜಿಗೆ ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ನಾಳೆ ನಿಮ್ಮ ಜಾಗಕ್ಕೆ ಬರುವವರಿಗೆ ಆ ಸಾಲು ಯಾಕಿದೆ ಅಂತ ಅರ್ಥವಾಗುವುದಿಲ್ಲ. ಅದೇ /24ನ್ನು ಡಿಸ್ಟೆನ್ಸ್ 150 ಅಥವಾ 200 ಕೊಟ್ಟು ಬರೆಯಿರಿ. ಒಎಸ್‌ಪಿಎಫ್ ಇರುವ ತನಕ ಅದು ತೆಪ್ಪಗಿರುತ್ತದೆ, ಒಎಸ್‌ಪಿಎಫ್ ಹೋದಾಗ ಎದ್ದು ಬರುತ್ತದೆ. ಇದಕ್ಕೆ ಫ್ಲೋಟಿಂಗ್ ಸ್ಟ್ಯಾಟಿಕ್ ಅನ್ನುವುದು ರೂಢಿ. ಸಂಖ್ಯೆ ನೋಡಿದ ಕೂಡಲೇ "ಓ, ಇದು ಬ್ಯಾಕಪ್" ಅಂತ ಯಾರಿಗೂ ಗೊತ್ತಾಗುತ್ತದೆ.

ಇದೇ ತಿದ್ದುಪಡಿಯನ್ನು ಮುಖ್ಯ ಕಚೇರಿಯ ರೂಟರಿನಲ್ಲೂ ಮಾಡಬೇಕು. ದಯವಿಟ್ಟು ಇದನ್ನು ಮರೆಯಬೇಡಿ. ಹೋಗುವ ದಾರಿಯನ್ನು ಶಾಖೆಯ ರೂಟರ್ ತೀರ್ಮಾನಿಸುತ್ತದೆ, ಬರುವ ದಾರಿಯನ್ನು ಅಲ್ಲಿನದು. ಒಂದಕ್ಕೊಂದು ಹೇಳಿ ಕೇಳಿ ಮಾಡುವುದಿಲ್ಲ. ಶಾಖೆಯ ನೆಟ್‌ವರ್ಕಿಗೆ ಅಲ್ಲೂ ಡಿಸ್ಟೆನ್ಸ್ 1ರ ಸ್ಟ್ಯಾಟಿಕ್ ಇದ್ದರೆ, ಹೋಗುವುದು ಫೈಬರಿನಲ್ಲಿ, ಉತ್ತರ ಬರುವುದು 4ಜಿಯಲ್ಲಿ. ಪಿಂಗ್ (ಆಚೆಯ ಯಂತ್ರ ಉತ್ತರ ಕೊಡುತ್ತದಾ ಅಂತ ನೋಡುವ ಪರೀಕ್ಷೆ) ಸರಿಯಾಗಿ ಬರುತ್ತದೆ, ಸಾಫ್ಟ್‌ವೇರ್ ಮಾತ್ರ ಎಳೆಯುತ್ತದೆ. ನಡುವೆ ಫೈರ್‌ವಾಲ್ ಇದ್ದರೆ ಇನ್ನೂ ಕಷ್ಟ. ಶುರುವಾದದ್ದನ್ನು ತಾನು ನೋಡದ ಸಂಪರ್ಕದ ಉತ್ತರವನ್ನು ಅದು ಎಸೆದುಬಿಡುತ್ತದೆ.

ಕಾಸ್ಟ್ ಬಗ್ಗೆಯೂ ಒಂದು ಮಾತು, ಯಾಕೆಂದರೆ ಮುಂದೆ ನೀವು ಎರಡನೇ ಫೈಬರ್ ತೆಗೆದುಕೊಂಡರೆ ಅದು ಬೇಕಾಗುತ್ತದೆ. ಒಎಸ್‌ಪಿಎಫ್ ಅಡಿಯಲ್ಲಿ ಇರುವುದು ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಅತಿ ಕಡಿಮೆ ದೂರದ ದಾರಿ ಹುಡುಕುವ ಲೆಕ್ಕ. ಲೆಕ್ಕ ಗಟ್ಟಿ, ಆದರೆ ಅದಕ್ಕೆ ನಾವು ಕೊಡುವ ದೂರ ಸರಿ ಇರಬೇಕು. ಸಿಸ್ಕೋದಲ್ಲಿ 100 ಎಂಬಿಪಿಎಸ್ಸನ್ನು ಪೋರ್ಟಿನ ವೇಗದಿಂದ ಭಾಗಿಸಿದರೆ ಬರುವುದೇ ಕಾಸ್ಟ್. 10 ಎಂಬಿಪಿಎಸ್‌ಗೆ 10, 100ಕ್ಕೆ 1. ಗಿಗಾಬಿಟ್ಟಿಗೂ 1, 10 ಗಿಗಾಬಿಟ್ಟಿಗೂ 1, ಯಾಕೆಂದರೆ 1ಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ. ಆ 100 ಎಂಬ ಅಳತೆಗೋಲನ್ನು ದೊಡ್ಡದು ಮಾಡಬಹುದು, ಮಾಡಿದರೆ ಎಲ್ಲ ರೂಟರ್‌ಗಳಲ್ಲೂ ಒಟ್ಟಿಗೆ ಮಾಡಬೇಕು. ಇನ್ನೂ ಮುಖ್ಯವಾದದ್ದು, ರೂಟರಿಗೆ ಗೊತ್ತಿರುವುದು ತನ್ನ ಪೋರ್ಟಿನ ವೇಗ. ನೀವು ಕಂಪನಿಯಿಂದ 20 ಎಂಬಿಪಿಎಸ್ ಪ್ಲಾನ್ ತೆಗೆದುಕೊಂಡಿರಬಹುದು. ತಂತಿ ಗಿಗಾಬಿಟ್ ಪೋರ್ಟಿನಲ್ಲಿದ್ದರೆ ಅದಕ್ಕೆ ಅದು ಗಿಗಾಬಿಟ್ಟೇ. ಲೈನ್ ತುಂಬಿ ತುಳುಕುತ್ತಿದ್ದರೂ ಕಾಸ್ಟ್ ಬದಲಾಗುವುದಿಲ್ಲ. ಹಾಗಾಗಿ ಎರಡು ಲೈನ್ ಇದ್ದಾಗ ಕಾಸ್ಟನ್ನು ನೀವೇ ಕೈಯಾರೆ ಬರೆಯುವುದು ಒಳ್ಳೆಯದು. ಎರಡಕ್ಕೂ ಒಂದೇ ಕಾಸ್ಟ್ ಕೊಟ್ಟರೆ ರೂಟರ್ ಎರಡನ್ನೂ ಬಳಸುತ್ತದೆ, ಆದರೆ ಒಂದು ಸಂಪರ್ಕ ಪೂರ್ತಿಯಾಗಿ ಒಂದೇ ಲೈನಿನಲ್ಲಿ ಹೋಗುತ್ತದೆ. ಒಂದು ದೊಡ್ಡ ಫೈಲಿಗೆ ಎರಡರ ವೇಗವೂ ಸಿಗುತ್ತದೆ ಅಂತ ಕಾಯಬೇಡಿ.

ಇನ್ನು ಫೈಬರ್ ಕಡಿದರೂ ಡಿಫಾಲ್ಟ್ ರೂಟ್ ಬದಲಾಗದ್ದು. ತಲಪಾಡಿಯಿಂದ ಈಚೆ ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದ ಮೇಲೆ ಈ ದೂರು ನಮ್ಮ ಜಿಲ್ಲೆಯಲ್ಲಿ ಯಾರಿಗೂ ಹೊಸದಲ್ಲ. ನೀವು ಬ್ರಾಡ್‌ಬ್ಯಾಂಡಿಗೆ ಡಿಸ್ಟೆನ್ಸ್ 1, 4ಜಿಗೆ ಅದಕ್ಕಿಂತ ಜಾಸ್ತಿ ಕೊಟ್ಟಿರುತ್ತೀರಿ. ಅದು ಸರಿ. ಆದರೆ ಮೊದಲನೆಯದು ಪಟ್ಟಿಯಿಂದ ಹೋದರೆ ಮಾತ್ರ ಎರಡನೆಯದು ಏಳುವುದು. ಸ್ಟ್ಯಾಟಿಕ್ ರೂಟ್ ಯಾವಾಗ ಹೋಗುತ್ತದೆ? ರೂಟರಿನ ಪೋರ್ಟ್ ಸತ್ತಾಗ. ಫೈಬರ್ ಕಡಿದದ್ದು ಕಿಲೋಮೀಟರ್ ಆಚೆ. ನಿಮ್ಮ ರೂಟರಿನ ತಂತಿ ಹೋಗುವುದು ಗೋಡೆಗೆ ಹೊಡೆದ ಓಎನ್‌ಟಿ ಪೆಟ್ಟಿಗೆಗೆ, ಹೊರಗಿನ ಫೈಬರ್ ಬಂದು ಸೇರುವುದು ಅದಕ್ಕೇ. ಆ ಪೆಟ್ಟಿಗೆಗೆ ಕರೆಂಟ್ ಇದೆ, ಪೋರ್ಟಿನ ಹಸಿರು ದೀಪ ಉರಿಯುತ್ತಿದೆ. ಲೈನ್ ಇದೆ ಅಂತಲೇ ರೂಟರ್ ನಂಬಿರುತ್ತದೆ. ಕಚೇರಿಗಳ ನಡುವಿನ ಲೈನಿನಲ್ಲಿ ಈ ತೊಂದರೆ ಇಲ್ಲ, ಅಲ್ಲಿ ಒಎಸ್‌ಪಿಎಫ್ ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಆಚೆಯವರನ್ನು ಮಾತಾಡಿಸುತ್ತದೆ. 40 ಸೆಕೆಂಡ್ ಸದ್ದಿಲ್ಲದಿದ್ದರೆ ದಾರಿಯನ್ನು ಕೈಬಿಡುತ್ತದೆ. ಸ್ಟ್ಯಾಟಿಕ್ ರೂಟ್ ಯಾರನ್ನೂ ಮಾತಾಡಿಸುವುದಿಲ್ಲ.

ಆ ಕೆಲಸವನ್ನು ನೀವು ಸೇರಿಸಬೇಕು. ಸಿಸ್ಕೋದಲ್ಲಿ ಐಪಿ ಎಸ್‌ಎಲ್‌ಎ ಮತ್ತು ಟ್ರ್ಯಾಕ್, ಮೈಕ್ರೋಟಿಕ್‌ನಲ್ಲಿ ಚೆಕ್ ಗೇಟ್‌ವೇ ಅನ್ನುವ ಸೌಲಭ್ಯ ಇದಕ್ಕೇ ಇವೆ. ಮೈಕ್ರೋಟಿಕ್‌ನದು 10 ಸೆಕೆಂಡಿಗೊಮ್ಮೆ ಗೇಟ್‌ವೇಗೆ (ದಾರಿಯಲ್ಲಿ ಮುಂದೆ ಸಿಗುವ ಮೊದಲ ರೂಟರಿಗೆ) ಪಿಂಗ್ ಮಾಡುತ್ತದೆ, ಸತತ ಎರಡು ಸಲ ಉತ್ತರ ಬಾರದಿದ್ದರೆ ರೂಟನ್ನು ತೆಗೆಯುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಓಎನ್‌ಟಿಯೇ ರೂಟರ್ ಆಗಿಯೂ ಕೆಲಸ ಮಾಡುತ್ತಿದ್ದರೆ ನಿಮ್ಮ ಗೇಟ್‌ವೇ 192.168.1.1, ಅಂದರೆ ಅದೇ ಕೋಣೆಯ ಗೋಡೆಯ ಪೆಟ್ಟಿಗೆ. ಹೊರಗೆ ಫೈಬರ್ ತುಂಡಾಗಿದ್ದರೂ ಅದು ಪಿಂಗಿಗೆ ಚೆನ್ನಾಗಿ ಉತ್ತರ ಕೊಡುತ್ತಲೇ ಇರುತ್ತದೆ. ಹಾಗಾಗಿ ಇಂಟರ್‌ನೆಟ್ಟಿನ ಆಚೆ ಇರುವ ಒಂದು ವಿಳಾಸವನ್ನು ಪಿಂಗ್ ಮಾಡಿ ನೋಡಬೇಕು. ಮೈಕ್ರೋಟಿಕ್‌ನಲ್ಲಿ ಇದಕ್ಕೆ ರಿಕರ್ಸಿವ್ ರೂಟ್ (ಗೇಟ್‌ವೇ ಜಾಗದಲ್ಲಿ ಆ ದೂರದ ವಿಳಾಸವನ್ನೇ ಕೊಡುವ ರೂಟ್) ಬರೆಯಬೇಕಾಗುತ್ತದೆ.

ಆ ವಿಳಾಸಕ್ಕೆ ಬ್ರಾಡ್‌ಬ್ಯಾಂಡಿನ ಮೂಲಕವೇ ಹೋಗುವ ಒಂದು /32 (ಅದೊಂದೇ ವಿಳಾಸದ) ಸ್ಟ್ಯಾಟಿಕ್ ರೂಟ್ ಹಾಕಿ. ಇಲ್ಲವಾದರೆ ಏನಾಗುತ್ತದೆ ನೋಡಿ. ಬ್ರಾಡ್‌ಬ್ಯಾಂಡ್ ಹೋಯಿತು, ರೂಟ್ 4ಜಿಗೆ ತಿರುಗಿತು. ಪರೀಕ್ಷೆಯ ಪಿಂಗ್ ಕೂಡ ಈಗ 4ಜಿಯಲ್ಲಿ ಹೋಗಿ ಉತ್ತರ ತಂದಿತು. ರೂಟರ್ ಬ್ರಾಡ್‌ಬ್ಯಾಂಡ್ ಸರಿಹೋಯಿತು ಅಂದುಕೊಂಡು ವಾಪಸ್ ತಿರುಗಿತು. ಮತ್ತೆ ಸತ್ತಿತು. ಫೈಬರ್ ಜೋಡಿಸುವ ತನಕ ಹೀಗೇ ಆಚೆ ಈಚೆ. /32 ಹಾಕಿದ ಮೇಲೆ ಆ ವಿಳಾಸ 4ಜಿಯಲ್ಲಿ ಸಿಗುವುದಿಲ್ಲ, ಅದನ್ನೂ ನೆನಪಿಡಿ. ಕಚೇರಿಯ ಕಂಪ್ಯೂಟರ್‌ಗಳಿಗೆ ಡಿಎನ್‌ಎಸ್ (ಪುಟದ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ಆಗಿ 8.8.8.8 ಕೊಟ್ಟಿದ್ದರೆ ಪರೀಕ್ಷೆಗೆ ಅದನ್ನೇ ಬಳಸಬೇಡಿ. ಬಳಸಿದರೆ ಲೈನ್ 4ಜಿಗೆ ತಿರುಗಿದರೂ ಹೆಸರುಗಳು ಸಿಗದೆ ಯಾವ ಪುಟವೂ ತೆರೆಯುವುದಿಲ್ಲ.

ಇನ್ನು ಚೆನ್ನೈ. ನಿಮಗೆ ಇಂಟರ್‌ನೆಟ್ ಕೊಡುವ ಕಂಪನಿಯ ನೆಟ್‌ವರ್ಕ್ ಬೇರೆ, ಮಂಗಳೂರಿನ ಆ ಸರ್ವರ್ ಇರುವ ಕಂಪನಿಯ ನೆಟ್‌ವರ್ಕ್ ಬೇರೆ. ಇಂಥ ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವುದು ಬಿಜಿಪಿಯಲ್ಲಿ. ಅದು 1989ರಲ್ಲಿ ಹುಟ್ಟಿದ್ದು, ಇವತ್ತಿಗೂ ಇಡೀ ಇಂಟರ್‌ನೆಟ್ ಅದರ ಮೇಲೇ ನಿಂತಿದೆ. ಬಿಜಿಪಿಗೆ ಕಿಲೋಮೀಟರ್ ಗೊತ್ತಿಲ್ಲ, ವೇಗವೂ ಗೊತ್ತಿಲ್ಲ. ಅದು ಮೊದಲು ನೋಡುವುದರಲ್ಲಿ ಒಂದು ಲೋಕಲ್ ಪ್ರಿಫರೆನ್ಸ್, ಅಂದರೆ ಕಂಪನಿ ತಾನೇ ಬರೆದುಕೊಂಡ ಇಷ್ಟ. ಸಾಮಾನ್ಯವಾಗಿ 100 ಇರುತ್ತದೆ, ಜಾಸ್ತಿ ಇದ್ದದ್ದು ಗೆಲ್ಲುತ್ತದೆ. ಇದರ ಹಿಂದೆ ಇರುವುದು ದುಡ್ಡು. ತನಗೆ ಹಣ ಕೊಡುವ ಗಿರಾಕಿಯ ಮೂಲಕ ಹೋಗುವ ದಾರಿ ಮೊದಲು. ಪರಸ್ಪರ ಉಚಿತವಾಗಿ ಕೊಟ್ಟು ತೆಗೆದುಕೊಳ್ಳುವವರದು ಆಮೇಲೆ. ತಾನೇ ಹಣ ಕೊಡಬೇಕಾದ ದಾರಿ ಕೊನೆಗೆ. ಇದರಲ್ಲಿ ಸಮ ಬಂದರೆ ನಡುವೆ ಎಷ್ಟು ನೆಟ್‌ವರ್ಕ್ ದಾಟಬೇಕು ಅನ್ನುವ ಎಣಿಕೆ. ಅಲ್ಲಿಯೂ ದೇಶವಿಡೀ ಹರಡಿದ ಒಂದು ಕಂಪನಿ ಒಂದೇ ಅಂತ ಲೆಕ್ಕ. ಆಮೇಲೆ ಇನ್ನೂ ಕೆಲವು ಹಂತ ಇವೆ, ನಿಮಗೆ ಈಗ ಬೇಡ.

ಈ ಎರಡು ಕಂಪನಿಗಳು ಮಂಗಳೂರಿನಲ್ಲಿ ಒಂದನ್ನೊಂದು ಮುಟ್ಟದೆ ಚೆನ್ನೈಯಲ್ಲಿ ಮಾತ್ರ ಕೊಟ್ಟು ತೆಗೆದುಕೊಂಡರೆ, ನಿಮ್ಮ ಪ್ಯಾಕೆಟ್ ಅಲ್ಲಿಗೆ ಹೋಗಿಯೇ ಬರಬೇಕು. ಇದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಚೆನ್ನೈ ಸುತ್ತಿ ಬಂದರೂ ಹೆಚ್ಚಾಗುವುದು 15 ಮಿಲಿಸೆಕೆಂಡಿನ ಆಸುಪಾಸು. ಕೌಂಟರಿನಲ್ಲಿ ಕೂತವರಿಗೆ ಗೊತ್ತೂ ಆಗದು.

ಹೆಚ್ಚು ಖಚಿತವಾದ ಸಾಲೇ ಗೆಲ್ಲುವುದು ಅಂದೆನಲ್ಲ, ಅದು ಇಡೀ ಜಗತ್ತಿನ ಮಟ್ಟದಲ್ಲಿ ನಡೆದದ್ದು 2008ರ ಫೆಬ್ರವರಿ 24ರಂದು. ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು 208.65.153.0/24 ಎಂಬ ರೂಟ್ ಬರೆಯಿತು. ಅದು ಪಿಸಿಸಿಡಬ್ಲ್ಯು ಎಂಬ ಕಂಪನಿಯ ಮೂಲಕ ಹೊರಗೆ ಸೋರಿತು. ಯೂಟ್ಯೂಬ್ ಸ್ವತಃ ಹೇಳಿಕೊಂಡಿದ್ದದ್ದು 208.65.152.0/22. ಬೇರೆ ಬೇರೆ ದೇಶಗಳ ರೂಟರ್‌ಗಳು /24ನ್ನೇ ಹಿಡಿದವು, ಯೂಟ್ಯೂಬಿಗೆ ಹೋಗಬೇಕಾದ್ದು ಪಾಕಿಸ್ತಾನಕ್ಕೆ ಹೋಯಿತು. ಯೂಟ್ಯೂಬ್ ತಾನೂ ಅದೇ /24ನ್ನು ಹೇಳಿತು. ಈಗ ಗುರಿ ಒಂದೇ ಆದ್ದರಿಂದ ಬಿಜಿಪಿಯ ಒಳಗಿನ ಹೋಲಿಕೆ ಶುರುವಾಯಿತು. ಯಾರಿಗೆ ಯಾವುದು ಹತ್ತಿರವೋ ಅವರು ಅದನ್ನು ಹಿಡಿದರು, ಅರ್ಧಂಬರ್ಧ ಸರಿಯಾಯಿತು. ಆಮೇಲೆ ಯೂಟ್ಯೂಬ್ ಎರಡು /25 ಹೇಳಿತು. ಅವು /24ನ್ನು ಸೋಲಿಸಿದವು. ಸುಮಾರು ಎರಡು ಗಂಟೆಯ ಈ ಗಲಾಟೆ ಮುಗಿದದ್ದು ಪಿಸಿಸಿಡಬ್ಲ್ಯು ಆ ತಪ್ಪು ರೂಟುಗಳನ್ನು ಹಿಂದಕ್ಕೆ ತೆಗೆದ ಮೇಲೆ. ನೀವು ಶಾಖೆಯಲ್ಲಿ /24 ಮತ್ತು /16 ಇಟ್ಟು ಕಂಡದ್ದೂ ಇದೇ ನಿಯಮ.

ಈಗ ಮಾಡಬೇಕಾದ್ದು. ಎರಡೂ ಕಡೆ ಸ್ಟ್ಯಾಟಿಕ್ ರೂಟಿನ ಡಿಸ್ಟೆನ್ಸ್ ಏರಿಸಿ, /16 ತೆಗೆಯಿರಿ, ಬ್ರಾಡ್‌ಬ್ಯಾಂಡಿಗೆ ಪಿಂಗ್ ಪರೀಕ್ಷೆ ಸೇರಿಸಿ. ಕೌಂಟರ್ ಮುಚ್ಚಿದ ಮೇಲೆ ಒಂದು ಸಂಜೆ ಪರೀಕ್ಷೆ ಮಾಡಿ. ಆಗ ರೂಟರಿಗೂ ಓಎನ್‌ಟಿಗೂ ನಡುವಿನ ಲ್ಯಾನ್ ತಂತಿ ಎಳೆಯಬೇಡಿ. ಅದನ್ನು ಎಳೆದರೆ ಪೋರ್ಟ್ ಸಾಯುತ್ತದೆ, ಪಿಂಗ್ ಪರೀಕ್ಷೆ ಇಲ್ಲದಿದ್ದರೂ ರೂಟ್ ಬದಲಾಗುತ್ತದೆ, ಎಲ್ಲ ಸರಿಯಿದೆ ಅಂತ ನಿಮಗೆ ಅನ್ನಿಸುತ್ತದೆ. ಓಎನ್‌ಟಿಯ ಅಡಿಯಲ್ಲಿರುವ ಫೈಬರಿನ ಕನೆಕ್ಟರ್ ತೆಗೆಯಿರಿ, ಸಾಮಾನ್ಯವಾಗಿ ಹಸಿರು ಬಣ್ಣದ್ದು. ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ, ಬೆರಳಲ್ಲಿ ಮುಟ್ಟಲೂ ಬೇಡಿ. ಎಲ್‌ಓಎಸ್ ಎಂದು ಬರೆದ ಕೆಂಪು ದೀಪ ಹತ್ತುತ್ತದೆ, ಪೋರ್ಟಿನ ಹಸಿರು ದೀಪ ಹಾಗೇ ಇರುತ್ತದೆ. ಆಗ ಒಂದು ನಿಮಿಷದೊಳಗೆ ಟ್ರೇಸ್‌ರೂಟ್ 4ಜಿಯ ದಾರಿ ತೋರಿಸಬೇಕು. ಅದೇ ರೀತಿ ಮುಖ್ಯ ಕಚೇರಿಯ ಲೈನನ್ನೂ ತೆಗೆದು ನೋಡಿ, ಆ ಕಡೆಯಿಂದ ಶಾಖೆಗೂ ಒಮ್ಮೆ ಟ್ರೇಸ್‌ರೂಟ್ ಹಾಕಿ. ಎರಡೂ ಕಡೆಯ ರೂಟ್ ಪಟ್ಟಿಯನ್ನು, ಫೈಬರ್ ಇದ್ದಾಗಿನದು ಮತ್ತು ಇಲ್ಲದಾಗಿನದು, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮಳೆಗಾಲದಲ್ಲಿ ನಿಜವಾಗಿಯೂ ಲೈನ್ ಹೋದಾಗ ಹೋಲಿಸಿ ನೋಡಲು ಬೇಕಾಗುತ್ತದೆ.